ಕಡತಕ್ಕಿಲ್ಲದ ಸಹಿ, ಕ್ಯಾನ್ವಾಸಿಗೆ!

ಮೇ ತಿಂಗಳು ಮುಗಿಯುವ ಹೊತ್ತಿಗೆ ಸರ್ಕಾರಿ ಕಚೇರಿಗಳಲ್ಲಿ ಒಂದೇ ಒಂದು ಕೆಲಸ ಭರದಿಂದ ಸಾಗುತ್ತದೆ. ಬೀಳ್ಕೊಡುಗೆ.

ಇದಕ್ಕೆ ಕಾರಣ ನಮ್ಮ ಹಳೆಯ ಕಾಲದ ಮೇಷ್ಟ್ರುಗಳು. ಶಾಲೆಗೆ ಬಂದ ಮಗು ಯಾವಾಗ ಹುಟ್ಟಿತು ಎಂದು ಅಪ್ಪನಿಗೆ ನೆನಪಿರುತ್ತಿರಲಿಲ್ಲ. ಕೇಳುತ್ತ ಕೂರಲು ಮೇಷ್ಟ್ರಿಗೆ ಪುರುಸೊತ್ತಿರುತ್ತಿರಲಿಲ್ಲ. ‘ಜೂನ್ 1’ ಎಂದು ಬರೆದು ಸಹಿ ಹಾಕಿಬಿಡುತ್ತಿದ್ದರು. ತಿಂಗಳ ಮೊದಲ ದಿನ ಹುಟ್ಟಿದ ನೌಕರ 60 ತುಂಬುವಾಗ ಅದರ ಹಿಂದಿನ ದಿನವೇ ಮನೆಗೆ ಹೋಗಬೇಕು ಎಂಬುದು ನಿಯಮ. ಹಾಗಾಗಿ ಮೇ 31 ಎಂದರೆ ರಾಜ್ಯದಾದ್ಯಂತ ಸಾಲು ಸಾಲು ನಿವೃತ್ತಿ.

ಒಬ್ಬ ಮೇಷ್ಟ್ರ ಒಂದು ಸಹಿ. ಅರ್ಧ ಶತಮಾನ ಬಾಳಿಕೆ ಬಂತು. ಈಗಿನ ಸಹಿಗಳ ಕಥೆ ಬೇರೆ.

ಮೊದಲೆಲ್ಲ ನಿವೃತ್ತರಿಗೆ ಗೋಡೆ ಗಡಿಯಾರ ಕೊಡುತ್ತಿದ್ದರು. ಸೇವೆಯುದ್ದಕ್ಕೂ ಹೊತ್ತಿಗೆ ಸರಿಯಾಗಿ ಬಾರದವರಿಗೆ, ಇನ್ನು ಎಲ್ಲಿಗೂ ಬರಬೇಕಿಲ್ಲ ಎಂದಾದ ದಿನ, ಗಡಿಯಾರ! ಆಮೇಲೆ ಬೆಳ್ಳಿ ಲೋಟ ಬಂತು. ಬೆಳ್ಳಿಯ ದರ ಏರಿತು, ಲೋಟ ಹೋಯಿತು. ಗಂಧದ ಹಾರ ಬಂತು. ಅದರಲ್ಲಿ ಗಂಧವೊಂದನ್ನು ಬಿಟ್ಟು ಉಳಿದೆಲ್ಲ ಇತ್ತು.

ಈಗಿನ ಹೊಸ ಗೀಳು ಸಹಿ ಕ್ಯಾನ್ವಾಸ್. ನಿವೃತ್ತರ ಫೋಟೊವನ್ನು ಎರಡಡಿ ಅಗಲ, ಮೂರಡಿ ಎತ್ತರದ ಕ್ಯಾನ್ವಾಸಿನ ಮೇಲೆ ಮುದ್ರಿಸುವುದು. ಮರದ ಚೌಕಟ್ಟಿಗೆ ಎಳೆದು ಬಿಗಿಯುವುದು. ಸುತ್ತ ಬಿಳಿ ಅಂಚು ಬಿಡುವುದು. ಆ ಅಂಚಿನಲ್ಲಿ ಕಚೇರಿಯವರೆಲ್ಲ ಮಾರ್ಕರ್ ಹಿಡಿದು ಸಹಿ ಜಡಿಯುವುದು. ನಾಲ್ಕು ಒಳ್ಳೆಯ ಮಾತು ಗೀಚುವುದು.

ಐಡಿಯಾ ಚೆನ್ನಾಗಿಯೇ ಇದೆ. ಅದನ್ನು ಕೆಡಿಸುವುದಕ್ಕೆ ಒಂದು ಬೀಳ್ಕೊಡುಗೆ ಸಮಿತಿ ಸಾಕು.

ಮೊದಲನೆಯದು ಫೋಟೊ. ಅದು ಬರುವುದು ವಾಟ್ಸ್ಆ್ಯಪ್ ಗುಂಪಿನಿಂದ. ಯಾವುದೋ ರಾಜ್ಯೋತ್ಸವದಲ್ಲಿ ಯಾರೋ ತೆಗೆದದ್ದು, ನಾಲ್ಕು ಗುಂಪು ಸುತ್ತಿ ಸವೆದದ್ದು. ವಾಟ್ಸ್ಆ್ಯಪ್ ಮಾಮೂಲಿಯಾಗಿ ಕಳಿಸುವ ಫೋಟೊ ಉದ್ದಕ್ಕೆ ಸುಮಾರು 1600 ಪಿಕ್ಸೆಲ್. ಅದನ್ನು 36 ಇಂಚಿಗೆ ಹಿಗ್ಗಿಸಿದರೆ ಇಂಚಿಗೆ 44 ಚುಕ್ಕಿ ಸಿಗುತ್ತವೆ. ಎದುರು ನಿಂತು ನೋಡುವ ಚಿತ್ರಕ್ಕೆ 150 ಆದರೂ ಇರಬೇಕು. ಮುದ್ರಿಸುವ ಅಂಗಡಿಯ ಹುಡುಗ ಬಡಕೊಳ್ಳುತ್ತಾನೆ: ‘ಒರಿಜಿನಲ್ ಫೋಟೊ ಕೊಡಿ ಸಾರ್, ಡಾಕ್ಯುಮೆಂಟ್ ಮಾಡಿ ಕಳಿಸಿ.’ ಸಾರ್‌ಗೆ ಸಿಟ್ಟು ಬರುತ್ತದೆ. ‘ಇರೋದು ಇದೇನೇ. ಅಡ್ಜಸ್ಟ್ ಮಾಡಪ್ಪಾ.’

ಇದೇ ಸಾರ್ ಕೂತಿರುವ ಕಚೇರಿಗೆ ನೀವೊಂದು ಅರ್ಜಿ ಹಾಕಿ ನೋಡಿ. ಫೋಟೊ ಇಷ್ಟೇ ಕೆ.ಬಿ. ಇರಬೇಕು. ಹಿನ್ನೆಲೆ ಬಿಳಿಯೇ ಇರಬೇಕು. ಮುಖ ನೇರ ಇರಬೇಕು. ಒಂದಿಷ್ಟು ಮಸುಕಾದರೂ ಅರ್ಜಿ ವಾಪಸ್. ಜನರ ಮುಖ ಸ್ಪಷ್ಟವಾಗಿ ಕಾಣಬೇಕು, ಸಾಹೇಬರದು ಚೌಕ ಚೌಕವಾಗಿ ಒಡೆದರೂ ನಡೆಯುತ್ತದೆ. ಇದಕ್ಕೆ ಸಮಾನತೆ ಎನ್ನುತ್ತಾರೆ.

ಆಮೇಲೆ ತಿದ್ದುಪಡಿ. ‘ಸ್ವಲ್ಪ ಬೆಳ್ಳಗೆ ಮಾಡು.’ ‘ಕೂದಲು ತುಂಬು.’ ‘ಹೊಟ್ಟೆ ಒಳಗೆ ತಗೋ.’ ಸೇವಾ ಪುಸ್ತಕದಲ್ಲಿ ಒಂದಕ್ಷರ ತಿದ್ದಲು ಮೂರು ಶಾಖೆಯ ಅಭಿಪ್ರಾಯ ಕೇಳುವವರು ಮನುಷ್ಯನನ್ನೇ ಅರ್ಧ ಗಂಟೆಯಲ್ಲಿ ತಿದ್ದಿಸಿಬಿಡುತ್ತಾರೆ.

ಫೋಟೊದಲ್ಲಿ ಪಕ್ಕಕ್ಕೆ ನಿಂತಿದ್ದವರು ಈಗ ಅಮಾನತಿನಲ್ಲಿದ್ದಾರೆ. ಅವರನ್ನು ಕತ್ತರಿಸಿ ತೆಗೆಯುತ್ತಾರೆ. ನಿವೃತ್ತರ ಹೆಗಲ ಮೇಲೆ ಅವರ ಕೈ ಮಾತ್ರ ಉಳಿದುಬಿಡುತ್ತದೆ. ವಿಚಾರಣೆ ನಡೆಯುತ್ತಿರುವುದೂ ಆ ಕೈಯದೇ.

ಹಿನ್ನೆಲೆಯಲ್ಲಿ ಹಿಮಪರ್ವತ. ಸೇವೆಯಿಡೀ ಕಲಬುರಗಿಯ ಬಿಸಿಲಲ್ಲಿ ಬೆಂದವರ ಬೆನ್ನಿಗೆ ಹಿಮ. ಪಾಪ, ಅದೊಂದು ತಂಪು.

ಕೆಳಗೆ ಕನ್ನಡದಲ್ಲಿ ಒಂದು ಸಾಲು. ಮೊಬೈಲಿನಿಂದ ಬಂದ ಯೂನಿಕೋಡ್ ಅಕ್ಷರಗಳನ್ನು ಅಂಗಡಿಯ ಹಳೆಯ ‘ನುಡಿ’ ಫಾಂಟಿಗೆ ಸುರಿದರೆ ಎಲ್ಲವೂ ದಿಕ್ಕಾಪಾಲು. ಹುಡುಗ ಮತ್ತೆ ಕೈಯಲ್ಲಿ ಟೈಪಿಸುತ್ತಾನೆ. ‘ನಿವೃತ್ತಿ’ಯ ಒತ್ತು ಅಲ್ಲೇ ನಿವೃತ್ತಿ. ‘ಕರಡು ನೋಡಿ ಒಂದು ಸಹಿ ಹಾಕಿಕೊಡಿ ಸಾರ್’ ಎಂದು ಅವನು ಬೇಡಿಕೊಳ್ಳುತ್ತಾನೆ. ಯಾರೂ ಹಾಕುವುದಿಲ್ಲ. ಕರಡಿಗೆ ಸಹಿ ಹಾಕಿದರೆ ತಪ್ಪಿಗೆ ಹೊಣೆ ಹೊರಬೇಕಲ್ಲ!

ಇಲ್ಲಿ ಸ್ವಲ್ಪ ನಿಲ್ಲಿ. ನಮ್ಮ ಸಹಿಪುರಾಣದ ಸಾರ ಇಷ್ಟೇ. ಹೊಣೆ ಇರುವಲ್ಲಿ ಪೆನ್ನು ಸಿಗುವುದಿಲ್ಲ. ಹೊಣೆ ಇಲ್ಲದಲ್ಲಿ ಪೆನ್ನಿಗೆ ಕಿತ್ತಾಟ.

ಕಾನೂನಿನ ಕಡೆಗೂ ಒಮ್ಮೆ ನೋಡೋಣ. ರಾಜ್ಯದಲ್ಲಿ ಫ್ಲೆಕ್ಸು, ಬ್ಯಾನರು, ಪ್ಲಾಸ್ಟಿಕ್ ತೋರಣ ಎಲ್ಲವನ್ನೂ ನಿಷೇಧಿಸಿ 2016ರ ಮಾರ್ಚ್ 11ರಂದೇ ಅಧಿಸೂಚನೆ ಹೊರಟಿದೆ. ಕಚೇರಿಯವರಿಗೆ ಇದು ಚೆನ್ನಾಗಿ ಗೊತ್ತು. ಅದಕ್ಕೇ ಅವರು ಫ್ಲೆಕ್ಸ್ ಮಾಡಿಸುವುದಿಲ್ಲ, ‘ಪರಿಸರಸ್ನೇಹಿ ಕ್ಯಾನ್ವಾಸ್’ ಮಾಡಿಸುತ್ತಾರೆ. ಅಗ್ಗದ ಕ್ಯಾನ್ವಾಸ್ ಬಹುಮಟ್ಟಿಗೆ ಪಾಲಿಯೆಸ್ಟರ್. ಮೇಲೆ ಒಂದು ಲೇಪ. ಪಾಲಿಯೆಸ್ಟರ್ ಎಂದರೆ ಪ್ಲಾಸ್ಟಿಕ್ಕೇ. ಪ್ಲಾಸ್ಟಿಕ್ಕಿಗೆ ನೇಯ್ಗೆಯ ವೇಷ ತೊಡಿಸಿದರೆ ಪರಿಸರ ಉಳಿಯುತ್ತದೆ, ತಿಳಿಯಿತೆ? ಆ ಕ್ಯಾನ್ವಾಸನ್ನು ಸ್ವಾಗತಿಸಲು ಬಾಗಿಲಲ್ಲಿ ಒಂದು ಫ್ಲೆಕ್ಸ್ ಬೇರೆ ಇರುತ್ತದೆ.

ಇನ್ನೊಂದು ಆದೇಶವಿದೆ. 2021ರ ಆಗಸ್ಟಿನದು. ಸರ್ಕಾರಿ ಸಮಾರಂಭಗಳಲ್ಲಿ ಹಾರ, ತುರಾಯಿ, ಹಣ್ಣಿನ ಬುಟ್ಟಿ, ಶಾಲು, ನೆನಪಿನ ಕಾಣಿಕೆ ಯಾವುದೂ ಬೇಡ. ಬೇಕಿದ್ದರೆ ಕನ್ನಡ ಪುಸ್ತಕ ಕೊಡಿ ಎಂದಿತು. ಕಚೇರಿ ಅದನ್ನು ಸ್ವೀಕರಿಸಿತು. ಮುದ್ರೆ ಒತ್ತಿತು. ಸಂಖ್ಯೆ ಹಾಕಿ ಕಡತದಲ್ಲಿ ಮಲಗಿಸಿತು. ಬಳಿಕ ವೇದಿಕೆಗೆ ಬಂದದ್ದು ಶಾಲು, ಮೈಸೂರು ಪೇಟ, ಹಾರ, ಫಲತಾಂಬೂಲ, ಅವೆಲ್ಲದರ ಮೇಲೆ ಕ್ಯಾನ್ವಾಸು. ಕೇಳಿದರೆ ‘ಇದು ಸರ್ಕಾರಿ ಸಮಾರಂಭ ಅಲ್ಲ, ನಮ್ಮ ಖಾಸಗಿ ಪ್ರೀತಿ’ ಎನ್ನುತ್ತಾರೆ. ಸರ್ಕಾರಿ ಕಟ್ಟಡದಲ್ಲಿ, ಸರ್ಕಾರಿ ಹೊತ್ತಿನಲ್ಲಿ, ಸರ್ಕಾರಿ ಕರೆಂಟಿನಲ್ಲಿ ಮೈಕು ಹಚ್ಚಿ ಮಾಡುವ ಖಾಸಗಿ ಪ್ರೀತಿ.

ಪುಸ್ತಕವನ್ನು ಯಾರೂ ಕೊಡಲಿಲ್ಲ. ಅದನ್ನು ಓದಬೇಕಾಗುತ್ತದೆ.

ವಂತಿಗೆಯ ಪಟ್ಟಿ ಮೇಜಿನಿಂದ ಮೇಜಿಗೆ ಓಡುತ್ತದೆ. ಅದರಲ್ಲಿ ಎಲ್ಲರ ಹೆಸರೂ ಇದೆ. ಹೊರಗುತ್ತಿಗೆಯ ಡೇಟಾ ಎಂಟ್ರಿ ಹುಡುಗಿಯದು, ಡ್ರೈವರನದು, ಕಸ ಗುಡಿಸುವ ಅಮ್ಮನದು. ಮೂರು ತಿಂಗಳಿಂದ ಸಂಬಳ ಬಂದಿಲ್ಲದಿದ್ದರೂ ವಂತಿಗೆ ಬರಬೇಕು. ಕ್ಯಾನ್ವಾಸಿನ ಮೇಲೆ ಸಹಿ ಹಾಕುವ ಹೊತ್ತಿಗೆ ಮಾತ್ರ ಯಾರಿಗೋ ನಿಯಮ ನೆನಪಾಗುತ್ತದೆ. ‘ಅವರು ನಮ್ಮ ಸಿಬ್ಬಂದಿ ಅಲ್ವಲ್ಲ, ಏಜೆನ್ಸಿಯವರು.’ ದುಡ್ಡಿಗೆ ನಮ್ಮವರು. ಸಹಿಗೆ ಏಜೆನ್ಸಿಯವರು.

ಸಹಿ ಶುರುವಾಗುತ್ತದೆ. ಮೊದಲ ಸಹಿ ಯಾರದು? ಸಾಹೇಬರದು. ಸಾಹೇಬರು ಬಂದಿಲ್ಲ. ಕಾಯಿರಿ. ಕಾಯುವುದನ್ನು ಈ ಕಚೇರಿ ಜನರಿಗೆ ಕಲಿಸಿದೆ, ತಾನು ಕಲಿತಿಲ್ಲ. ಗೊಣಗಾಟ ಎದ್ದ ಹೊತ್ತಿಗೆ ಸಾಹೇಬರು ಬಂದರು. ಗೆಜೆಟೆಡ್ ಅಧಿಕಾರಿಯ ಹಸಿರು ಶಾಯಿ ಬೇಕು ಎಂದರು. ಹಸಿರು ಮಾರ್ಕರ್ ಹುಡುಕಲು ಒಬ್ಬ ಓಡಿದ. ಬಿಳಿ ಅಂಚಿನಲ್ಲಿ ಬೇಕಾದಷ್ಟು ಜಾಗವಿತ್ತು. ಸಾಹೇಬರು ನೇರ ನಿವೃತ್ತರ ಎದೆಯ ಮೇಲೆ ಸಹಿ ಹಾಕಿದರು. ಅಧಿಕಾರಕ್ಕೆ ಅಂಚು ಹಿಡಿಸುವುದಿಲ್ಲ.

ಅವರ ಕೆಳಗೆ ದರ್ಜೆಯ ಪ್ರಕಾರ ಉಳಿದವರು. ಸೂಪರಿಂಟೆಂಡೆಂಟರು ಭುಜದ ಹತ್ತಿರ. ಪ್ರಥಮ ದರ್ಜೆಯವರು ಮೊಣಕೈ ಆಚೀಚೆ. ದ್ವಿತೀಯ ದರ್ಜೆಯವರು ಸೊಂಟದ ಪಕ್ಕ. ಅಟೆಂಡರ್ ತೀರ ಕೆಳಗೆ ಬಗ್ಗಿ, ಕ್ಯಾನ್ವಾಸ್ ಚೌಕಟ್ಟಿನ ಹಿಂದಕ್ಕೆ ಮಡಿಕೆಯಾಗುವ ಕಡೆ. ಅಳಿಸಲಾಗದ ಶ್ರೇಣೀಕರಣವನ್ನು ಪರ್ಮನೆಂಟ್ ಮಾರ್ಕರಿನಲ್ಲೇ ಬರೆಯಬೇಕು. ಸಮಿತಿ ಸರಿಯಾದ ಪೆನ್ನನ್ನೇ ಆರಿಸಿದೆ.

ಸರಿಯಾದದ್ದು ಎಂದೆನೆ? ಅದೂ ಅಲ್ಲ. ಇಂಥ ಕ್ಯಾನ್ವಾಸಿಗೆ ಬೇಕಿರುವುದು ಪಿಗ್ಮೆಂಟ್ ಶಾಯಿಯ ಪೇಂಟ್ ಮಾರ್ಕರ್. ಅದಕ್ಕೆ ಸ್ವಲ್ಪ ಹೆಚ್ಚು ಹಣ. ಸಾಮಾನ್ಯ ಮಾರ್ಕರಿನ ಬಣ್ಣ ಬಿಸಿಲು ಕಂಡರೆ ಮಾಸುತ್ತದೆ. ಬಾಲ್‌ಪೆನ್ ಒರಟು ನೇಯ್ಗೆಯ ಮೇಲೆ ಓಡುವುದಿಲ್ಲ, ಗೀರುತ್ತದೆ. ಸ್ಕೆಚ್ ಪೆನ್ನು ಬೆವರಿನ ಕೈ ತಾಗಿದರೆ ಹರಡುತ್ತದೆ. ಸಹಿ ಪೂರ್ತಿ ಒಣಗಿದ ಮೇಲೆ ರಕ್ಷಣೆಗೆ ವಾರ್ನಿಶ್ ಕೊಡಬೇಕು, ಅದಕ್ಕೂ ಮುಂಚೆ ಒಂದು ಚೂರಿನ ಮೇಲೆ ಹಚ್ಚಿ ನೋಡಬೇಕು. ಇಲ್ಲವಾದರೆ ವಾರ್ನಿಶ್ಶೇ ಶಾಯಿಯನ್ನು ಕರಗಿಸುತ್ತದೆ. ಇದೆಲ್ಲ ಅಂಗಡಿಯ ಹುಡುಗ ಹೇಳಿದ್ದ. ಅವನ ಮಾತನ್ನು ಯಾರು ಕೇಳುತ್ತಾರೆ? ಅವನ ಹತ್ತಿರ ಹಸಿರು ಶಾಯಿ ಇಲ್ಲ.

ಸಹಿಗಳ ಭಾಷೆ ನೋಡಿ. ಕರ್ನಾಟಕ ರಾಜ್ಯ ಭಾಷಾ ಅಧಿನಿಯಮ ಬಂದದ್ದು 1963ರಲ್ಲಿ. ಪ್ರತಿ ನವೆಂಬರ್ 1ರಂದು ಇದೇ ವೇದಿಕೆಯಲ್ಲಿ ಇದೇ ಮೈಕಿನಲ್ಲಿ ‘ನಮ್ಮ ಸಹಿ ಕನ್ನಡದಲ್ಲೇ ಇರಲಿ’ ಎಂದು ಇದೇ ಗಂಟಲು ಗುಡುಗುತ್ತದೆ. ಕ್ಯಾನ್ವಾಸಿನ ಮೇಲೆ ಕಂಡ ಕನ್ನಡದ ಸಹಿ ಅಟೆಂಡರದು. ಉಳಿದವು ಇಂಗ್ಲಿಷಿನಲ್ಲಿವೆ ಎಂದರೆ ಇಂಗ್ಲಿಷಿಗೆ ಅವಮಾನ.

ಅಭ್ಯಾಸಬಲ ದೊಡ್ಡದು. ಒಬ್ಬರು ಸಹಿಯ ಕೆಳಗೆ ಮರೆಯದೆ ತಾರೀಖು ಹಾಕಿದರು. ಇನ್ನೊಬ್ಬರು ಪದನಾಮ ಬರೆದರು. ಮತ್ತೊಬ್ಬರು ‘ಅವಗಾಹನೆಗಾಗಿ ಮಂಡಿಸಿದೆ’ ಎಂದು ಬರೆಯಲು ಹೋಗಿ ಅರ್ಧಕ್ಕೆ ನಿಲ್ಲಿಸಿದರು. ಸಾಹೇಬರು ‘ಚರ್ಚಿಸಿ’ ಎಂದು ಬರೆಯಲಿಲ್ಲವಲ್ಲ, ಅದೇ ಪುಣ್ಯ.

ಉಳಿದ ಮಾತುಗಳೆಲ್ಲ ಗೊತ್ತಿರುವಂಥವೇ. ‘ಅಜಾತಶತ್ರು’ ಎಂದು ಬರೆದವರು ಅವರ ಮೇಲೆ ಅನಾಮಧೇಯ ದೂರು ಬರೆದವರು. ‘ನಮ್ಮ ಮಾರ್ಗದರ್ಶಕರು’ ಎಂದು ಬರೆದವರು ಅವರ ಬಡ್ತಿಗೆ ಅಡ್ಡಗಾಲು ಹಾಕಿದವರು. ‘ತುಂಬಲಾರದ ನಷ್ಟ’ ಎಂದು ಬರೆದವರಿಗೆ ಆ ಕುರ್ಚಿಗೆ ಯಾರು ಬರಬೇಕೆಂಬುದು ಹೋದ ವಾರವೇ ಖಚಿತವಾಗಿದೆ. ‘ಜನಸ್ನೇಹಿ ಅಧಿಕಾರಿ’ ಎಂದು ಬರೆದವರು ಕೊಂಚ ಹೊರಗೆ ಇಣುಕಿ ನೋಡಬೇಕಿತ್ತು.

ಹೊರಗೆ ಜನ ಇದ್ದರು. ಬೆಂಚಿನ ಮೇಲೆ, ಮೆಟ್ಟಿಲ ಮೇಲೆ, ಬೈಕುಗಳ ನೆರಳಿನಲ್ಲಿ. ಒಬ್ಬರದು ಪಹಣಿ ತಿದ್ದುಪಡಿ. ಒಬ್ಬರದು ವಿಧವಾ ವೇತನ. ಒಬ್ಬರದು ಮಗನ ಜಾತಿ ಪ್ರಮಾಣಪತ್ರ, ಕೌನ್ಸೆಲಿಂಗಿಗೆ ನಾಳೆಯೇ ಕೊನೆ. ಎಲ್ಲರಿಗೂ ಬೇಕಿರುವುದು ಒಂದೊಂದು ಸಹಿ. ‘ಇವತ್ತು ಫಂಕ್ಷನ್ ಐತೆ, ನಾಳೆ ಬರ್ರಿ’ ಎಂದು ಬಾಗಿಲಲ್ಲಿ ನಿಂತವನು ಹೇಳುತ್ತಿದ್ದ. ಒಳಗೆ ಸಹಿ ಮಾಡುವವರೆಲ್ಲ ಒಟ್ಟಿಗೆ ಸೇರಿದ್ದಾರೆ. ಎಲ್ಲರ ಕೈಯಲ್ಲೂ ಪೆನ್ನಿದೆ. ಇಂಥ ಸುದಿನ ವರ್ಷಕ್ಕೊಮ್ಮೆ ಬರುವುದು. ಸಹಿ ಮಾತ್ರ ಇಲ್ಲ.

ನಮ್ಮಲ್ಲಿ ‘ಸಕಾಲ’ ಎಂಬ ಕಾಯ್ದೆ ಇದೆ. 2011ರ ಕಾಯ್ದೆ, 2012ರ ಏಪ್ರಿಲ್‌ನಲ್ಲಿ ಜಾರಿಗೆ ಬಂತು. ಯಾವ ಸೇವೆ ಎಷ್ಟು ದಿನದಲ್ಲಿ ಸಿಗಬೇಕು ಎಂದು ಪಟ್ಟಿ ಮಾಡಿತು. ತಡವಾದರೆ ದಿನಕ್ಕೆ 20 ರೂಪಾಯಿ, ಗರಿಷ್ಠ 500 ರೂಪಾಯಿ ಪರಿಹಾರ. ಅಂದರೆ ಇಪ್ಪತ್ತೈದು ದಿನ ದಾಟಿದ ಮೇಲೆ ನಿಮ್ಮ ಕಾಯುವಿಕೆಗೆ ಬೆಲೆ ಸೊನ್ನೆ. ಕ್ಯಾನ್ವಾಸಿಗೆ ಸಕಾಲ ಸಂಖ್ಯೆ ಇರಲಿಲ್ಲ. ಅರ್ಜಿ ಇರಲಿಲ್ಲ. ನೆನಪೋಲೆ ಇರಲಿಲ್ಲ. ಇಡೀ ಕಚೇರಿಯ ಸಹಿ ಕೇಸರಿಬಾತು ತಣ್ಣಗಾಗುವುದರೊಳಗೆ ಬಿದ್ದಿತ್ತು. ಕೆಲಸ ಮಾಡಲು ಬಾರದವರಲ್ಲ ಇವರು. ಇಷ್ಟು ಚುರುಕನ್ನು ಬಚ್ಚಿಟ್ಟುಕೊಂಡವರು.

ಯಾಕೆ ಹೀಗೆ ಎಂದು ಒಳಗಿನವರನ್ನು ಕೇಳಿದರೆ ಉತ್ತರ ಸಿದ್ಧವಿದೆ. ‘ಕಡತಕ್ಕೆ ಸಹಿ ಹಾಕಿದ್ರೆ ನಾಳೆ ಆಡಿಟ್‌ನವರು ಕೇಳ್ತಾರೆ ಸಾರ್. ಲೋಕಾಯುಕ್ತದವರು ಕೇಳ್ತಾರೆ. ರಿಟೈರಾದ್ಮೇಲೂ ಬಿಡಲ್ಲ.’ ನಿಜ, ಕೇಳುತ್ತಾರೆ. ಸಹಿ ಎಂದರೆ ಅದೇ. ನಾಳೆ ಕೇಳಿದರೆ ‘ಹೌದು, ನಾನೇ’ ಎನ್ನುವ ಧೈರ್ಯಕ್ಕೇ ಸರ್ಕಾರ ಸಂಬಳ ಕೊಡುವುದು. ಆ ಧೈರ್ಯವಿಲ್ಲದವರು ಕ್ಯಾನ್ವಾಸಿನ ಮೇಲೆ ಶೂರರು. ಅಲ್ಲಿ ಆಡಿಟ್ ಇಲ್ಲ. ಆಕ್ಷೇಪಣೆ ಇಲ್ಲ. ‘ಅಜಾತಶತ್ರು’ ಎಂದು ಬರೆದದ್ದಕ್ಕೆ ದಾಖಲೆ ಒದಗಿಸಿ ಎಂದು ಯಾರೂ ನೋಟಿಸು ಕೊಡುವುದಿಲ್ಲ.

ಇನ್ನು ಸನ್ಮಾನಿತರು. ಅವರ ಮೇಲೆ ಕನಿಕರ ಬೇಡ. ಆ ಬೆಂಚನ್ನು ಅಷ್ಟು ವರ್ಷ ತುಂಬಿಸಿದವರಲ್ಲಿ ಅವರೂ ಒಬ್ಬರು. ‘ನಾಳೆ ಬನ್ನಿ’ ಅವರ ಬಾಯಲ್ಲೂ ಸವೆದ ಮಾತು. ಕ್ಯಾನ್ವಾಸ್ ಎದೆಗವಚಿ ಫೋಟೊಕ್ಕೆ ನಿಂತು ಅವರು ಕಣ್ಣೊರೆಸಿಕೊಂಡದ್ದು ನಿಜ. ಮರುದಿನ ಬೆಳಿಗ್ಗೆ ತಾವು ಬೆಂಚಿನ ಕಡೆಯವರು ಎಂಬುದು ಆಗಿನ್ನೂ ಅವರಿಗೆ ಹೊಳೆದಿರಲಿಲ್ಲ.

ಹೊಳೆಯುತ್ತದೆ. ಜೂನ್ ಮೊದಲ ವಾರದಲ್ಲೇ ಹೊಳೆಯುತ್ತದೆ.

ಪಿಂಚಣಿ ಕಾಗದ ಮಹಾಲೇಖಪಾಲರ ಕಚೇರಿಗೆ ಹೋಗಬೇಕು. ಹೋಗಲು ಸೇವಾ ಪುಸ್ತಕ ಸರಿಯಿರಬೇಕು. ಯಾವುದೋ ಊರಲ್ಲಿ ಯಾವುದೋ ವರ್ಷ ತೆಗೆದುಕೊಂಡ ರಜೆಗೆ ನಮೂದಿಲ್ಲ. ವಾರ್ಷಿಕ ವೇತನ ಬಡ್ತಿಯ ಒಂದು ಸಾಲಿಗೆ ಸಹಿ ಬಿಟ್ಟುಹೋಗಿದೆ. ಗಳಿಕೆ ರಜೆಯ ನಗದೀಕರಣಕ್ಕೆ ಒಂದು ಸಹಿ. ಕೆ.ಜಿ.ಐ.ಡಿ. ವಿಮೆಗೆ ಒಂದು ಸಹಿ. ಬೇಬಾಕಿ ಪ್ರಮಾಣಪತ್ರಕ್ಕೆ ಶಾಖೆಗೊಂದರಂತೆ ಸಹಿ. ಉಗ್ರಾಣದವರು ಹಳೆಯ ಕುರ್ಚಿಯೊಂದರ ಲೆಕ್ಕ ಕೇಳುತ್ತಾರೆ. ಆ ಕುರ್ಚಿಯ ಮೇಲೆ ಈಗ ಕೂತಿರುವವರು ‘ನೋಡೋಣ, ಬಿಟ್ಟು ಹೋಗಿ’ ಎನ್ನುತ್ತಾರೆ. ಕ್ಯಾನ್ವಾಸಿನ ಮೇಲೆ ‘ಸದಾ ನಿಮ್ಮವನು’ ಎಂದು ಬರೆದದ್ದು ಅದೇ ಕೈ.

‘ಏನಪ್ಪಾ, ನನ್ನ ಕಡತಾನೂ ಹೀಗೆ ಮಾಡ್ತೀರಾ?’ ಎನ್ನುತ್ತಾರೆ ನಿವೃತ್ತರು. ‘ಹಂಗೇನಿಲ್ಲ ಸಾರ್, ಸಾಹೇಬ್ರು ಮೀಟಿಂಗಲ್ಲಿದಾರೆ. ನಾಳೆ ಬನ್ನಿ.’ ಈ ವಾಕ್ಯವನ್ನು ಕುರ್ಚಿಯ ಮೇಲಿನವನಿಗೆ ಕಲಿಸಿದವರು ಯಾರು ಎಂದು ಕ್ಯಾನ್ವಾಸಿನಲ್ಲೇ ಬರೆದಿದೆ. ‘ನಮ್ಮ ಮಾರ್ಗದರ್ಶಕರು.’

ಮನೆಯಲ್ಲಿ ಕ್ಯಾನ್ವಾಸ್ ಎಲ್ಲಿ ಹಾಕುವುದೆಂಬ ಜಗಳ ಬೇರೆ. ಹಾಲ್‌ನಲ್ಲಿ ಬೇಡ ಎನ್ನುತ್ತಾಳೆ ಸೊಸೆ. ಮಂಚದೆದುರು ಬೇಡ ಎನ್ನುತ್ತಾರೆ ಹೆಂಡತಿ, ಬೆಳಗೆದ್ದು ಸಾಹೇಬರ ಹಸಿರು ಸಹಿ ನೋಡಲು ಅವರಿಗೆ ಇಷ್ಟವಿಲ್ಲ. ಕೊನೆಗೆ ಸಿಟೌಟಿನ ಗೋಡೆ ಸಿಗುತ್ತದೆ. ಅಲ್ಲಿ ಸಂಜೆ ಬಿಸಿಲು ನೇರ ಬೀಳುತ್ತದೆ. ಅಗ್ಗದ ಮಾರ್ಕರ್ ಬಗ್ಗೆ ಅಂಗಡಿಯ ಹುಡುಗ ಹೇಳಿದ್ದು ನಿಜವಾಗುತ್ತದೆ. ಒಂದೊಂದೇ ಅಭಿಮಾನ ಮಾಸುತ್ತದೆ. ಮೊದಲು ಹೋಗುವುದು ‘ಎಂದೆಂದಿಗೂ’.

ವರ್ಷಕ್ಕೊಮ್ಮೆ ಇನ್ನೊಂದು ಪರೀಕ್ಷೆ. ಜೀವಿತ ಪ್ರಮಾಣಪತ್ರ. ಪಿಂಚಣಿದಾರರು ತಾವಿನ್ನೂ ಬದುಕಿದ್ದೇವೆ ಎಂದು ಸಾಬೀತು ಮಾಡಬೇಕು. ಗೋಡೆಯ ಮೇಲೆ ಇಡೀ ಕಚೇರಿ ‘ನೂರು ಕಾಲ ಬಾಳಿ’ ಎಂದು ಬರೆದು ಸಹಿ ಹಾಕಿದೆ. ಬ್ಯಾಂಕಿಗೆ ಅದು ಸಾಲದು. ಬದುಕಿದ್ದೀರಿ ಎಂದು ಹೊಣೆ ಹೊತ್ತು ಹೇಳುವ ಒಂದೇ ಒಂದು ಸಹಿ ಬೇಕು. ನೂರು ಕಾಲ ಬಾಳಿ ಎನ್ನಲು ಅಷ್ಟೊಂದು ಜನ ಮುಂದೆ ಬಂದರು. ಇವತ್ತು ಬದುಕಿದ್ದಾರೆ ಎನ್ನಲು ಒಬ್ಬ ಸಿಗುವುದಿಲ್ಲ. ಕೊನೆಗೆ ಬೆರಳಚ್ಚಿನ ಯಂತ್ರದ ಮುಂದೆ ಹೆಬ್ಬೆಟ್ಟು ಒತ್ತುವುದೇ ಗತಿ. ಸೇವೆಯಿಡೀ ಹೆಬ್ಬೆಟ್ಟಿನವರನ್ನು ಕಂಡು ಮೂಗು ಮುರಿದವರಿಗೆ ಯಂತ್ರ ಹೇಳುತ್ತದೆ: ಬೆರಳು ಹೊಂದುತ್ತಿಲ್ಲ, ಮತ್ತೆ ಪ್ರಯತ್ನಿಸಿ.

ಬೈದದ್ದು ಸಾಕು, ಒಂದು ಸಲಹೆ ಕೊಡುತ್ತೇನೆ. ಕ್ಯಾನ್ವಾಸ್ ಮಾಡಿಸಿ. ಖಂಡಿತ ಮಾಡಿಸಿ. ಎರಡಡಿ, ಮೂರಡಿ, ಬೇಕಿದ್ದರೆ ಆರಡಿ. ನಡುವೆ ಒರಿಜಿನಲ್ ಫೋಟೊ ಹಾಕಿ, ಬಣ್ಣ ಬಳಿಯಬೇಡಿ. ಸುತ್ತಲಿನ ಬಿಳಿ ಅಂಚಿನಲ್ಲಿ ಬೇಬಾಕಿ ಪ್ರಮಾಣಪತ್ರವನ್ನು ದೊಡ್ಡಕ್ಷರದಲ್ಲಿ ಮುದ್ರಿಸಿ. ಉಗ್ರಾಣಕ್ಕೊಂದು ಕಲಂ, ನಗದು ಶಾಖೆಗೊಂದು, ಸಿಬ್ಬಂದಿ ಶಾಖೆಗೊಂದು. ಪಿಂಚಣಿ ಪ್ರಸ್ತಾವ ಕಳಿಸಿದ ತಾರೀಖಿಗೊಂದು. ಕೆಳಗಿನ ಪಟ್ಟಿಯಲ್ಲಿ ಅವರ ಮೇಜಿನ ಮೇಲೆ ಉಳಿದುಹೋದ ಸಾರ್ವಜನಿಕರ ಅರ್ಜಿಗಳ ಸಂಖ್ಯೆಗಳನ್ನು ಬರೆದು, ಯಾರು ಯಾವುದನ್ನು ವಹಿಸಿಕೊಂಡರು ಎಂಬುದಕ್ಕೆ ಜಾಗ ಬಿಡಿ. ಒಳ್ಳೆಯ ಪಿಗ್ಮೆಂಟ್ ಮಾರ್ಕರ್ ತನ್ನಿ. ವೇದಿಕೆಗೆ ಒಬ್ಬೊಬ್ಬರನ್ನೇ ಹೆಸರು ಹಿಡಿದು ಕರೆಯಿರಿ. ಬೆಂಚಿನ ಮೇಲಿನ ಜನರನ್ನು ಒಳಗೆ ಕರೆದು ಮುಂದಿನ ಸಾಲಿನಲ್ಲಿ ಕೂರಿಸಿ. ಎಲ್ಲರೆದುರು, ಮೈಕಿನ ಮುಂದೆ, ಸಹಿ ಹಾಕಿ.

ಆ ಕ್ಯಾನ್ವಾಸ್ ಬರಿದಾಗಿಯೇ ಮನೆಗೆ ಹೋಗುತ್ತದೆ. ಚಿಂತೆ ಬೇಡ. ಕಚೇರಿಯ ಅತ್ಯಂತ ಪ್ರಾಮಾಣಿಕ ದಾಖಲೆ ಅದೊಂದೇ ಆಗಿರುತ್ತದೆ.